ಸ್ಯಮಂತಕ ಹುಡುಕಲು ಕೃಷ್ಣನೇ ಹೋಗಿದ್ದ

ಶಿರಸಿ ತಾಲೂಕಿನ ಓದುಗರೊಬ್ಬರು, ಹೆಸರು ಹಾಕುವುದು ಬೇಡವೆಂದು, ಹೀಗೆ ಬರೆದಿದ್ದಾರೆ: "ಅಡಿಕೆ ವಹಿವಾಟಿನ ಸಹಕಾರ ಸಂಘವೊಂದರಲ್ಲಿ ಹತ್ತೊಂಬತ್ತು ವರ್ಷ ತೂಕದ ಕೆಲಸ ಮಾಡಿದವನು ನಾನು. ಗೋದಾಮಿನಲ್ಲಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕಡಿಮೆ ಬಂತೆಂದು ಕಳ್ಳತನವನ್ನು ನನ್ನ ತಲೆಗೆ ಕಟ್ಟಿದ್ದಾರೆ. ಮದುವೆಮನೆಯಲ್ಲಿ ನನ್ನ ಪಕ್ಕದ ಎಲೆಗೆ ಯಾರೂ ಕೂರುವುದಿಲ್ಲ. ಮಾರಿಕಾಂಬೆಯ ಮೇಲೆ ಭಾರ ಹಾಕಿ ಸುಮ್ಮನಿದ್ದೇನೆ. ನೋಟಿಸಿಗೂ ಉತ್ತರ ಕೊಟ್ಟಿಲ್ಲ. ನಾನು ಮಾಡಿದ್ದು ಸರಿಯಲ್ಲವೇ?"

ನೋಟಿಸಿನ ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿ ಚಹಾ ತರಿಸಿಕೊಂಡೆ.

ಭಾರ ಹಾಕಿದ್ದು ತಪ್ಪೆನ್ನಲಾರೆ. ಅದರಿಂದ ರಾತ್ರಿ ನಿದ್ದೆಯಾದರೂ ಬರುತ್ತದೆ. ಅಪವಾದ ಹೊತ್ತವನಿಗೆ ಅದು ಸಣ್ಣ ಲಾಭವಲ್ಲ. ಆದರೆ ಮಾರಾಯರೇ, ಆ ಅಮ್ಮನೇ ಎರಡು ವರ್ಷಕ್ಕೊಮ್ಮೆ ಗುಡಿ ಬಿಟ್ಟು, ರಥವೇರಿ, ಬಿಡಕಿಬೈಲಿನ ಜಾತ್ರೆಯಲ್ಲಿ ನಾಲ್ಕು ಜನರ ನಡುವೆ ಬಂದು ಕೂರುತ್ತಾಳೆ. ನೀವು ಜಗಲಿ ಇಳಿಯುವುದಿಲ್ಲವೆಂದರೆ ಹೇಗೆ?

ಚೌತಿಯ ಚಂದ್ರನನ್ನು ನೋಡಿದರೆ ಕಳ್ಳನೆಂಬ ಹೆಸರು ಬರುತ್ತದೆಂದು ನಮ್ಮನ್ನೆಲ್ಲ ಒಳಗೆ ಕೂಡಿಹಾಕುತ್ತಿದ್ದ ಅಜ್ಜಿಯಂದಿರು ಅದರ ಕಥೆಯನ್ನೂ ಹೇಳಿದ್ದರು. ಪ್ರಸೇನ ಸ್ಯಮಂತಕ ಮಣಿಯನ್ನು ಕೊರಳಿಗೆ ಕಟ್ಟಿಕೊಂಡು ಬೇಟೆಗೆ ಹೋದವನು ತಿರುಗಿ ಬರಲಿಲ್ಲ. ಕೃಷ್ಣನೇ ಕೊಂದಿರಬೇಕೆಂದು ಅಣ್ಣ ಸತ್ರಾಜಿತ ಅಂದ. ಊರು ಕಿವಿಯಿಂದ ಕಿವಿಗೆ ಊದಿತು. ದೇವರು ನೋಡಿಕೊಳ್ಳುತ್ತಾನೆಂದು ಕೃಷ್ಣ ಕೂತನೇ? ಹಾಗೆ ಕೂರಲು ಅವನಿಗಿಂತ ಹೆಚ್ಚಿನ ಹಕ್ಕು ಯಾರಿಗಿತ್ತು! ಅದೇ ಊರಿನವರನ್ನು ಕರೆದುಕೊಂಡು ಕಾಡಿಗೆ ಹೋದ. ಪ್ರಸೇನನ ಹೆಣ, ಸತ್ತ ಸಿಂಹ, ಕರಡಿಯ ಗುಹೆ ಎಲ್ಲವನ್ನೂ ಅವರ ಕಣ್ಣಿಗೇ ತೋರಿಸಿದ. ಭಾಗವತದ ಲೆಕ್ಕದಲ್ಲಿ, ಮಣಿ ಒಯ್ದಿದ್ದ ಆ ಕರಡಿ ಜಾಂಬವಂತನೊಡನೆ 28 ದಿನ ಹೊಡೆದಾಡಿದ. ಹೊರಗೆ ನಿಲ್ಲಿಸಿದ್ದ ಜನ 12 ದಿನ ಕಾದು ಮನೆಗೆ ಹೋಗಿದ್ದರು (ಜನ ಅಷ್ಟೇ ಕಾಯುವುದು). ಕೊನೆಗೆ ಮಣಿಯನ್ನು ಗುಟ್ಟಾಗಿ ತಲುಪಿಸಲಿಲ್ಲ. ಸತ್ರಾಜಿತನನ್ನು ರಾಜನೆದುರು ಸಭೆಗೆ ಕರೆಸಿ, ಅದು ಸಿಕ್ಕ ಬಗೆಯನ್ನು ಹೇಳಿ ಕೊಟ್ಟ.

ನಿಮ್ಮ ಸಿಂಹದ ಹೆಜ್ಜೆ ದಾಸ್ತಾನು ಪುಸ್ತಕದಲ್ಲಿದೆ. ಚಾಲಿ ಒಳಗೆ ಬಂದ ದಿನದ ತೂಕವನ್ನೂ ಹೊರಗೆ ಹೋದ ದಿನದ ತೂಕವನ್ನೂ ಪಕ್ಕಪಕ್ಕ ಇಡಿ. ಹಸಿ ಉಳಿದ ಅಡಿಕೆ ಗೋದಾಮಿನಲ್ಲಿ ಒಣಗುತ್ತ ತೂಕ ಕಳೆದುಕೊಳ್ಳುತ್ತದೆಂದು ಹತ್ತೊಂಬತ್ತು ವರ್ಷ ತಕ್ಕಡಿ ಹಿಡಿದವರಿಗೆ ನಾನು ಹೇಳಬೇಕೇ? 1959ರ ಸಹಕಾರ ಸಂಘಗಳ ಕಾಯ್ದೆಯಲ್ಲೂ ನಷ್ಟವನ್ನು ಒಬ್ಬನಿಂದ ವಸೂಲು ಮಾಡುವ ಮುನ್ನ ಅವನ ಮಾತು ಕೇಳಬೇಕೆಂದಿದೆ. ಆ ಬಾಗಿಲನ್ನು ನೀವೇ ಒಳಗಿನಿಂದ ಚಿಲಕ ಹಾಕಿಕೊಂಡಿದ್ದೀರಿ.

ನನಗೆ ಸಿಟ್ಟು ಬರಲು ಕಾರಣವಿದೆ. ಕಾರವಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ ಚಂದಾ ಹಣ ನುಂಗಿದೆನೆಂಬ ಮಾತು ಬಂತು. ನಾನೂ ನಿಮ್ಮಂತೆಯೇ ದೊಡ್ಡವನಾಗಿ ಮೌನ ಹಿಡಿದೆ. ಒಂದು ಮಳೆಗಾಲ ಕಳೆಯುವುದರೊಳಗೆ ಮೌನವೇ ತಪ್ಪೊಪ್ಪಿಗೆಯಾಗಿತ್ತು. ರಸೀದಿ ಪುಸ್ತಕ ಹುಡುಕಿ ತೆಗೆದಾಗ ಹಾಳೆಗಳು ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿದ್ದವು. ಒಲೆಯ ಪಕ್ಕ ಇಟ್ಟು, ಬ್ಲೇಡಿನಿಂದ ಒಂದೊಂದೇ ಬಿಡಿಸಿ, ನೀಲಿ ಮಾಸಿದ ಕಾರ್ಬನ್ ಪ್ರತಿಗಳನ್ನು ಲೆಕ್ಕ ಹಾಕಿದೆ. ಮೂರು ಹಾಳೆ ಹರಿದವು. ಉಳಿದವು ನನ್ನ ಮಾನ ಕಾದವು. ಆ ಮೂರರ ಹಣವನ್ನು ಕೈಯಿಂದ ತುಂಬಿದ ನೋವು ಈಗಲೂ ಇದೆ.

ನಮ್ಮ ಜಿಲ್ಲೆಯವರು ಸಾತ್ವಿಕರೆಂದು ಹೊಗಳುತ್ತಾರೆ. 1930ರ ದಶಕದಲ್ಲಿ ಸಿದ್ದಾಪುರ, ಅಂಕೋಲೆಯ ರೈತರು ಕರ ಕೊಡುವುದಿಲ್ಲವೆಂದು ಸರ್ಕಾರದ ಮುಖಕ್ಕೇ ಹೇಳಿ ಜಮೀನು ಕಳೆದುಕೊಂಡರು. ಅವರ ಮನೆಯಲ್ಲೇನು ದೇವರ ಪೀಠ ಇರಲಿಲ್ಲವೇ? ಈಗ ದೂರುವವನಿಗೂ ಎದುರು ನಿಲ್ಲುವ ದಮ್ಮಿಲ್ಲ. ವಾಟ್ಸ್ಯಾಪಿನಲ್ಲಿ ಒಂದು ಸಾಲು ಹಾಕಿ ಜಾರುತ್ತಾನೆ. ಆಣೆ ಹಾಕಬೇಕಾದವನು ಮಾತ್ರ ಆರೋಪ ಹೊತ್ತವನು. ನಿಮ್ಮ ಪತ್ರ ಬಂದ ವಾರವೇ ನಿಮ್ಮ ಬಗ್ಗೆ ಇನ್ನೊಂದು ಪತ್ರ ಬಂದಿದೆ. ಅದನ್ನು ನಾವು ಅಚ್ಚು ಹಾಕುವುದಿಲ್ಲ, ಕೆಳಗೆ ಸಹಿ ಇಲ್ಲ. ಅಂಚೆಯ ಮುದ್ರೆ ಮಾತ್ರ ಶಿರಸಿಯದೇ.