ಅಪ್ಪ ಓಡಿಸಿದ ಕೆಂಪು ಬಸ್ಸು: ಬೋರ್ಡಿನಿಂದ ಶುರು ಮಾಡಿ

ತಮ್ಮಾ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 1994ರ ಸುಮಾರಿಗೆ ನಿಮ್ಮ ತಂದೆಯವರು ಬಾಗಲಕೋಟೆ–ವಿಜಯಪುರ ರೂಟಿನಲ್ಲಿ ಓಡಿಸುತ್ತಿದ್ದ ಕೆಂಪು ಬಸ್ಸಿನ ಪುಟ್ಟ ಮಾದರಿ ಮಾಡಿ, ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಕೊಡಬೇಕು ಅಂದಿದ್ದೀರಿ. 1:50 ಅಳತೆ ಸಾಕಾ, ಥರ್ಮಾಕೋಲಿನಲ್ಲಿ ಮಾಡಬಹುದಾ, ಪಕ್ಕದಲ್ಲಿ ‘ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ’ ಅಂತ ಬರೆದರೆ ಸರಿಯಾ ಅಂತ ಕೇಳಿದ್ದೀರಿ. ಇದು ನನ್ನ ಊರಿನ ದಾರಿಯ ಬಸ್ಸು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಬರಹದ ವಿಷಯ. ‘ವಾಯವ್ಯ’ ಅಂತ ಬರೆಯಬೇಡಿ. ವಾಯವ್ಯ ಸಂಸ್ಥೆ ಶುರುವಾದದ್ದು 1997ರ ನವೆಂಬರ್ 1ಕ್ಕೆ. 1994ರಲ್ಲಿ ಬೀದರಿನಿಂದ ಮೈಸೂರಿನವರೆಗೆ ಎಲ್ಲ ಕೆಂಪು ಬಸ್ಸೂ ಒಂದೇ ಮನೆಯದು, ಕರ್ನಾಟಕ ರಾಜ್ಯ ರಸ್ತೆ ಸಾರಿಗೆ. ಈಗ ಬಾಗಲಕೋಟೆ ಡಿಪೋದ ಗಾಡಿಗಳು ವಾಯವ್ಯದಲ್ಲಿವೆ, ವಿಜಯಪುರದವು ಕಲ್ಯಾಣ ಕರ್ನಾಟಕ ಸಾರಿಗೆಯಲ್ಲಿವೆ. ಒಂದೇ ರಸ್ತೆಯಲ್ಲಿ ಎರಡು ಹೆಸರಿನ ಗಾಡಿ ನೋಡಿ ಬೆಳೆದವರಿಗೆ ಈ ತಪ್ಪು ಆಗುವುದು ಸಹಜ. ಸಾರಿಗೆಯ ಗುರುತಾದ ಗಂಡಭೇರುಂಡ ಮಾತ್ರ ಮರೆಯಬೇಡಿ. ಹಾಗೆಯೇ ಮುಂದಿನ ಊರಿನ ಹೆಸರಿನ ಬೋರ್ಡಿನ ಮೇಲೆ ‘ವಿಜಯಪುರ’ ಬೇಡ. ಆ ಹೆಸರು ಸರ್ಕಾರಿ ಲೆಕ್ಕದಲ್ಲಿ ಬಂದದ್ದು 2014ರ ನವೆಂಬರಿನಲ್ಲಿ. ಆಗ ಬಿಜಾಪುರ. ಬಾಗಲಕೋಟೆಯೂ 1997ರವರೆಗೆ ಬಿಜಾಪುರ ಜಿಲ್ಲೆಯೊಳಗೇ ಇತ್ತು.

ಇನ್ನು ಅಳತೆ. ನಾನಾದರೆ 1:32 ಹಿಡಿಯುತ್ತೇನೆ, ಅಂದರೆ ನಿಜವಾದ ಬಸ್ಸಿನ 32ರಲ್ಲಿ ಒಂದು ಪಾಲು. ಕಾರಣ ಬೋರ್ಡು. ನಿಜವಾದ ಬೋರ್ಡು ನಾಲ್ಕು ಅಡಿ ಉದ್ದ, ಒಂಬತ್ತು ಇಂಚು ಎತ್ತರ ಎಂದಿಟ್ಟುಕೊಳ್ಳಿ. 1:50ರಲ್ಲಿ ಅದರ ಎತ್ತರ ಅರ್ಧ ಸೆಂಟಿಮೀಟರೂ ಆಗುವುದಿಲ್ಲ. 1:32ರಲ್ಲಿ 38 ಮಿ.ಮೀ. ಉದ್ದ, 7 ಮಿ.ಮೀ. ಎತ್ತರ ಸಿಗುತ್ತದೆ. ಶೂನ್ಯ ನಂಬರಿನ ಬ್ರಷ್ಷಿನಲ್ಲಿ ಕೈಯಿಂದಲೇ ಬರೆಯಬಹುದು. ದಯವಿಟ್ಟು ಕೈಯಿಂದಲೇ ಬರೆಯಿರಿ. ಆ ಕಾಲದ ಬೋರ್ಡುಗಳನ್ನು ಪೇಂಟರ್ ಬರೆಯುತ್ತಿದ್ದ. ‘ಬ’ದ ಹೊಟ್ಟೆ ದುಂಡಗೆ, ಒತ್ತಕ್ಷರ ಸ್ವಲ್ಪ ಕೆಳಗೆ ಜಾರಿದ ಹಾಗೆ ಇರುತ್ತಿತ್ತು. ಕಂಪ್ಯೂಟರ್ ಅಕ್ಷರದ ಸ್ಟಿಕ್ಕರ್ ಅಂಟಿಸಿದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಅದು ಆ ಬಸ್ಸು ಅನ್ನಿಸುವುದಿಲ್ಲ.

ನಾನು ಓದಲು ಕಲಿತದ್ದೇ ಈ ಬೋರ್ಡುಗಳಿಂದ. ನಮ್ಮೂರು ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯಲ್ಲಿತ್ತು. ನಮ್ಮದು ವಸ್ತಿ ಬಸ್ಸು. ರಾತ್ರಿ ಎಂಟೂವರೆಗೆ ಬಂದು ಹನುಮಪ್ಪನ ಗುಡಿ ಮುಂದೆ ನಿಲ್ಲುತ್ತಿತ್ತು, ನಸುಕಿನಲ್ಲಿ ಹೊರಡುತ್ತಿತ್ತು. ದಿಬ್ಬದ ಮೇಲೆ ಅದರ ಎರಡು ದೀಪ ಕಂಡರೆ ಅವ್ವ ಒಲೆ ಮೇಲೆ ಹಂಚು ಇಡುತ್ತಿದ್ದಳು. ಅಪ್ಪ ಅದೇ ಬಸ್ಸಿಗೆ ಸಂತೆಯಿಂದ ಬರುತ್ತಿದ್ದ. ಡ್ರೈವರಿಗೂ ಕಂಡಕ್ಟರಿಗೂ ರೊಟ್ಟಿ, ಪಲ್ಯ ದಿನಕ್ಕೊಂದು ಮನೆಯಿಂದ ಹೋಗುತ್ತಿತ್ತು. ನಮ್ಮ ಪಾಳಿಯ ದಿನ ಬುತ್ತಿ ಒಯ್ಯುವುದು ನನ್ನ ಕೆಲಸ. ಕೊಟ್ಟ ಮೇಲೆ ಖಾಲಿ ಬಸ್ಸಿನೊಳಗೆ ಹತ್ತಲು ಬಿಡುತ್ತಿದ್ದರು. ಕತ್ತಲಲ್ಲಿ ರೆಕ್ಸಿನ್, ಡೀಸೆಲ್, ಊದಿನಕಡ್ಡಿ ಮೂರೂ ಸೇರಿದ ವಾಸನೆ. ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕಂಬಳಿ ಮಡಚಿ ಹಾಸಿರುತ್ತಿತ್ತು, ಅದು ಇನ್ನೂ ಬೆಚ್ಚಗಿರುತ್ತಿತ್ತು. ಚಳಿಗಾಲದಲ್ಲಿ ಅಲ್ಲಿ ಕೂತರೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಹೈಸ್ಕೂಲಿಗೆ ಹೋಗುವಾಗ ದಿನಾ ಅದೇ ಬಸ್ಸು. ಕಂಡಕ್ಟರ್ ಮಾಮಾ ಚಿಲ್ಲರೆ ಇಲ್ಲದಿದ್ದರೆ ಟಿಕೆಟಿನ ಹಿಂದೆ ಬಾಕಿ ಬರೆದುಕೊಟ್ಟು, ಇಳಿಯುವ ಮೊದಲು ತಾನೇ ಕರೆದು ಕೊಡುತ್ತಿದ್ದ.

ಆ ಊರು ಈಗ ಇಲ್ಲ. ಆಲಮಟ್ಟಿ ಅಣೆಕಟ್ಟು 519.60 ಮೀಟರಿಗೆ ತುಂಬಿದರೆ ಗುಡಿ ಮುಂದಿನ ಆ ಜಾಗ ನೀರಿನೊಳಗೆ ಇರುತ್ತದೆ. ಬಸ್ಸು ನಿಲ್ಲುತ್ತಿದ್ದ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಅದಕ್ಕೇ ಈ ಮಾದರಿ ಮಾಡುವ ಹುಚ್ಚು ಹಿಡಿದದ್ದು. ಅದಕ್ಕೇ ನಿಮಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಗುಟ್ಟಾಗಿ ಮಾಡಬೇಕು ಅಂದಿದ್ದೀರಲ್ಲ, ಅದನ್ನು ಬಿಡಿ. ನಿಮ್ಮ ಹತ್ತಿರ ಅರ್ಧ ಬಸ್ಸು ಕಾಣುವ ಒಂದೇ ಫೋಟೋ ಇದೆ. ಆದರೆ ಪೂರ್ತಿ ಬಸ್ಸು ಕೈಯಲ್ಲೇ ನೆನಪಿರುವ ಮನುಷ್ಯ ನಿಮ್ಮ ಮನೆಯಲ್ಲೇ ಇದ್ದಾರೆ. ನನಗೆ ಕೇಳಲು ನಮ್ಮ ಅಪ್ಪ ಉಳಿದಿರಲಿಲ್ಲ. ಚಹಾ ಕೊಟ್ಟು ಪಕ್ಕದಲ್ಲಿ ಕೂತು ಕೇಳಿ. ಟಾಟಾನಾ, ಲೇಲ್ಯಾಂಡಾ? ಬಾಗಿಲು ಎಲ್ಲಿತ್ತು? ಗೇರ್ ರಾಡ್ ಎಷ್ಟು ಉದ್ದ, ಅದರ ಗುಂಡು ಯಾವ ಬಣ್ಣ? ಹಿಂಡುವ ರಬ್ಬರ್ ಹಾರ್ನ್ ಇತ್ತಾ? ಮುಂದೆ ಯಾವ ದೇವರ ಫೋಟೋ? ಟವೆಲ್ ಎಲ್ಲಿ ಹಾಕುತ್ತಿದ್ದರು? ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬಾಗಿಲಿನ ಜಾಗವನ್ನಂತೂ ನೀವೇ ಊಹೆ ಮಾಡಬೇಡಿ. ಒಂದೊಂದು ಬಸ್ಸಿನ ಬಾಡಿಯಲ್ಲಿ ಒಂದೊಂದು ತರ, ಆಮೇಲೆ ಕಿಟಕಿ ಲೆಕ್ಕವೆಲ್ಲ ತಪ್ಪುತ್ತದೆ.

ಅವರು ಲೇಲ್ಯಾಂಡ್ ವೈಕಿಂಗ್ ಅಂದರೆ ಅದರ ಮುಂದಿನ–ಹಿಂದಿನ ಅಚ್ಚುಗಳ ನಡುವೆ 222 ಇಂಚು. 1:32ರಲ್ಲಿ 17.6 ಸೆಂ.ಮೀ. ಇದನ್ನು ಮೊದಲು ಗೆರೆ ಎಳೆದುಕೊಳ್ಳಿ. ಬಾಡಿ ಸುಮಾರು 11 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಅಂತ ಹಿಡಿದರೆ 34 ಸೆಂ.ಮೀ., 7.8 ಸೆಂ.ಮೀ. ಬರುತ್ತದೆ. ಉಳಿದದ್ದನ್ನು ಫೋಟೋದಲ್ಲಿ ಕಾಣುವ ಚಕ್ರಕ್ಕೆ ಹೋಲಿಸಿ ಅಳೆಯಿರಿ. ನಿಜವಾದ ಟೈರಿನ ಎತ್ತರ ಹೆಚ್ಚುಕಡಿಮೆ 1 ಮೀಟರ್. ಕಿಟಕಿ ಚಕ್ರದ ಎಷ್ಟು ಪಾಲು, ಬಾಡಿಯ ಎತ್ತರ ಚಕ್ರದ ಮೂರು ಪಟ್ಟಾ, ಹೀಗೆ ನೋಡುತ್ತಾ ಹೋಗಿ.

ಥರ್ಮಾಕೋಲ್ ಬೇಡ. ಸ್ಪ್ರೇ ಪೇಂಟ್ ಬಿದ್ದರೆ ಕರಗುತ್ತದೆ. ನನ್ನ ಮೊದಲ ಬಸ್ಸಿನ ಛಾವಣಿ ಕಣ್ಣ ಮುಂದೆಯೇ ಕುಸಿದು ಹೋಯಿತು. 3 ಮಿ.ಮೀ. ಪಿವಿಸಿ ಸನ್‌ಬೋರ್ಡ್ ತನ್ನಿ, ಫ್ಲೆಕ್ಸ್ ಅಂಗಡಿಯಲ್ಲಿ ತುಂಡು ಸಿಗುತ್ತದೆ. ಹೊಸ ಬ್ಲೇಡು, ಉಕ್ಕಿನ ಸ್ಕೇಲು, ಒಂದೇ ಸಲಕ್ಕೆ ಒತ್ತದೆ ಮೂರು ನಾಲ್ಕು ಸಲ ಗೀರಿ. ಕಿಟಕಿಗಳನ್ನು ಪಕ್ಕದ ಹಾಳೆಯಲ್ಲಿ ಕತ್ತರಿಸಿ ಮುಗಿಸಿದ ಮೇಲೆಯೇ ಬಾಡಿ ಜೋಡಿಸಿ.

ಕಿಟಕಿಯ ಸರಳಿಗೆ ಪಂಪ್‌ಸೆಟ್ ಮೋಟರ್ ಸುತ್ತುವ ಅಂಗಡಿಗೆ ಹೋಗಿ. 22 ಗೇಜಿನ ತಾಮ್ರದ ತಂತಿಯ ತುಂಡು ಕೇಳಿ. 0.7 ಮಿ.ಮೀ. ದಪ್ಪ ಇರುತ್ತದೆ, ಈ ಅಳತೆಗೆ ಸರಿಯಾಗುತ್ತದೆ. ಎರಡು ಹಲಗೆಯ ನಡುವೆ ಇಟ್ಟು ಉರುಳಿಸಿದರೆ ನೆಟ್ಟಗಾಗುತ್ತದೆ. ಹಿಂದಿನ ಏಣಿ, ಟಾಪಿನ ಕ್ಯಾರಿಯರ್ ಕೂಡ ಇದರಲ್ಲೇ ಆಗುತ್ತದೆ. ಏಣಿ ಬಿಡಬೇಡಿ. ಜೋಳದ ಚೀಲ, ಹೊರಸು, ಸೈಕಲ್ಲು ಎಲ್ಲ ಅದರ ಮೇಲೆಯೇ ಹತ್ತಿದ್ದು.

ಚಕ್ರಕ್ಕೆ ನೀರಿನ ಬಾಟಲಿಯ ಮುಚ್ಚಳ. ಸುಮಾರು 30 ಮಿ.ಮೀ. ಇರುತ್ತದೆ, ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದರೆ 32 ಆಗುತ್ತದೆ. 8 ಮಿ.ಮೀ. ಅಗಲಕ್ಕೆ ಕತ್ತರಿಸಿ. ಆರು ಬೇಕು, ಹಿಂದೆ ಜೋಡಿ ಚಕ್ರ ಅಲ್ವಾ.

ಬಣ್ಣ ಹಚ್ಚುವಾಗ ಆತುರ ಬೇಡ. ಕೆಂಪು ಬಣ್ಣ ಒಂದೇ ಸಲಕ್ಕೆ ಮುಚ್ಚುವುದಿಲ್ಲ. ಕೆಳಗೆ ತಿಳಿ ಬೂದು ಅಥವಾ ಬಿಳಿ ಪ್ರೈಮರ್ ಹೊಡೆದು, ಒಣಗಿದ ಮೇಲೆ ಕೆಂಪನ್ನು ತೆಳುವಾಗಿ ಮೂರು ಸಲ ಹಚ್ಚಿ. ಪಟ್ಟಿಗಳಿಗೆ ಮಾಸ್ಕಿಂಗ್ ಟೇಪ್. ಗಾಜಿಗೆ ಓಎಚ್‌ಪಿ ಶೀಟು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ), ಎಲ್ಲ ಬಣ್ಣ ಮುಗಿದ ಮೇಲೆ ಕೊನೆಗೆ. ಒಳಗೆ ಎರಡು–ಮೂರರ ಸೀಟು, ಡ್ರೈವರ್ ಹಿಂದೆ ಅಡ್ಡ ಸರಳು. ‘ಕೈ, ತಲೆ ಹೊರಗೆ ಹಾಕಬಾರದು’ ಅಂತ ಒಂದು ಸಾಲು ಬರೆಯಿರಿ. ಯಾರಿಗೂ ಕಾಣಿಸಲಿಕ್ಕಿಲ್ಲ, ಆದರೆ ನಿಮ್ಮ ತಂದೆಯವರು ಬಗ್ಗಿ ನೋಡಿಯೇ ನೋಡುತ್ತಾರೆ.

ಹೊಸದರ ಹಾಗೆ ಹೊಳೆಯುವಂತೆ ಬಿಡಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಚಕ್ರದ ಮೇಲಿನ ತಗಡಿಗೆ ಎರಿ ಮಣ್ಣು ಮೆತ್ತಿರುತ್ತಿತ್ತು, ಬೇಸಿಗೆಯಲ್ಲಿ ಹಿಂದಿನ ಗಾಜು ದೂಳಿಗೆ ಮಬ್ಬಾಗಿರುತ್ತಿತ್ತು. ಹೊಲದ ಮಣ್ಣನ್ನು ತೆಳು ಪಂಚೆಯಲ್ಲಿ ಸೋಸಿ, ಒಣ ಬ್ರಷ್ಷಿನಲ್ಲಿ ಕೆಳಭಾಗಕ್ಕೆ ಸವರಿ. ಮೇಲೆ ಮ್ಯಾಟ್ ವಾರ್ನಿಷ್ ತೆಳುವಾಗಿ ಹೊಡೆದರೆ ಉದುರುವುದಿಲ್ಲ. ನನ್ನ ಬಸ್ಸಿಗೆ ಹಚ್ಚಿದ್ದು ಒಂದು ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮೂರಿನ ಹಳೇ ರಸ್ತೆಯಿಂದ ತಂದ ಮಣ್ಣು.

ಜಾಗ ಇದ್ದರೆ ಬಸ್ಸನ್ನು ಇದೇ ದಾರಿಯಲ್ಲಿ ಮೊಸರಿಗೆ ಹೆಸರಾದ ಕೊಲ್ಹಾರದಲ್ಲಿ ನಿಂತ ಹಾಗೆ ತೋರಿಸಿ. ಕಿಟಕಿಯ ಕೆಳಗೆ ಮೊಸರಿನ ಗಡಿಗೆ ಎತ್ತಿ ಹಿಡಿದ ಹೆಣ್ಣುಮಗಳು ಒಬ್ಬಳು ಸಾಕು. ಗಡಿಗೆಗೆ ಎಂಸೀಲ್ (ಕಲಸಿದರೆ ಗಟ್ಟಿಯಾಗುವ ಅಂಟು) ಉಂಡೆ ಮಾಡಿ ಪೆನ್ಸಿಲ್ ತುದಿಯಿಂದ ಬಾಯಿ ಒತ್ತಿ.

ಕಿಟಕಿ ಸಾಲಿನ ನಕ್ಷೆ ನಾನೇ ಬರೆದದ್ದು ಇದೆ, ಭಾನುವಾರ ಸ್ಕ್ಯಾನ್ ಮಾಡಿ ಇಲ್ಲೇ ಹಾಕುತ್ತೇನೆ. ಅಷ್ಟರಲ್ಲಿ ನೀವು ತಂದೆಯವರನ್ನು ಕೇಳಿ ಬಾಗಿಲಿನ ಜಾಗ, ಗಾಡಿಯ ಕಂಪನಿ ಎರಡನ್ನೂ ತಿಳಿಸಿ. ಬೋರ್ಡನ್ನು ಅವರ ಕೈಯಿಂದಲೇ ಬರೆಸುವುದಾದರೆ 7 ಮಿ.ಮೀ. ಎತ್ತರದ ನಾಲ್ಕೈದು ಪಟ್ಟಿ ಜಾಸ್ತಿ ಕತ್ತರಿಸಿ ಇಟ್ಟುಕೊಳ್ಳಿ.