ಒಂದೇ ಮಗುವನ್ನು ಕೂರಿಸಿಕೊಂಡು ಹೇಳಿಕೊಟ್ಟರೆ ಗಣಿತ ಯಾಕೆ ಬೇಗ ತಲೆಗೆ ಹತ್ತುತ್ತದೆ?

ಮಗು ಎಲ್ಲಿ ಎಡವಿತು ಎಂಬುದು ಎಡವಿದ ಕ್ಷಣದಲ್ಲೇ ಕಾಣುತ್ತದೆ, ಅದಕ್ಕೇ. ತುಂಬಿದ ತರಗತಿಯಲ್ಲಿ ಮೇಷ್ಟ್ರಿಗೆ ಹೆಚ್ಚಾಗಿ ಕಾಣುವುದು ಉತ್ತರ; ಪಕ್ಕದಲ್ಲಿ ಕೂತವರಿಗೆ ಲೆಕ್ಕ ಮಾಡಿದ ದಾರಿಯೇ ಕಾಣುತ್ತದೆ.

52ರಲ್ಲಿ 38 ಕಳೆದು 26 ಎಂದು ಬರೆಯುವ ಮಗುವನ್ನೇ ನೋಡಿ. ಅದು ಸಾಮಾನ್ಯವಾಗಿ ಗಮನ ತಪ್ಪಿ ಆದದ್ದಲ್ಲ. 2ರಲ್ಲಿ 8 ಹೋಗುವುದಿಲ್ಲವಲ್ಲ, ಹಾಗಾಗಿ 8ರಲ್ಲೇ 2 ಕಳೆದಿದೆ. 'ದೊಡ್ಡದರಿಂದ ಚಿಕ್ಕದು' ಎಂಬುದು ಅದು ತಾನೇ ಮಾಡಿಕೊಂಡ ನಿಯಮ. ಇಂಥ ಇನ್ನೂ 20 ಲೆಕ್ಕ ಕೊಟ್ಟರೆ ಗಟ್ಟಿಯಾಗುವುದು ತಪ್ಪೇ. ಬದಲಿಗೆ ಹತ್ತತ್ತು ಕಡ್ಡಿಗಳ 5 ಕಟ್ಟು, 2 ಬಿಡಿ ಕಡ್ಡಿ ಮುಂದಿಡಿ. ಒಂದು ಕಟ್ಟನ್ನು ಮಗುವೇ ಬಿಚ್ಚಲಿ: 4 ಕಟ್ಟು, 12 ಬಿಡಿ. 8 ಬಿಡಿ, 3 ಕಟ್ಟು ತೆಗೆದರೆ ಉಳಿಯುವುದು 14. ಆಮೇಲೆ ಇದನ್ನೇ ಕಾಗದದ ಮೇಲೆ ಬರೆಸಿ. ನಡುವೆ 57−32ರಂಥ, ಹತ್ತರ ಕಟ್ಟು ಬಿಚ್ಚಬೇಕಿಲ್ಲದ ಲೆಕ್ಕವನ್ನೂ ಸೇರಿಸಿ. ಇಲ್ಲದಿದ್ದರೆ ಮಗು ಬೇಡದ ಕಡೆಯೂ ಬಿಚ್ಚತೊಡಗುತ್ತದೆ.

ಧೈರ್ಯ ಬರುವುದು ಹೊಗಳಿಕೆಯಿಂದಲ್ಲ, 14+38 ಕೂಡಿಸಿ 52 ಬಂತೆಂದು ತಾನೇ ತಾಳೆ ನೋಡಿಕೊಂಡಾಗ. ಮನೆಪಾಠ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಹೇಳಿಕೊಡುವವರು ಪೆನ್ಸಿಲ್ ಕಿತ್ತುಕೊಳ್ಳುತ್ತಾರೆ. ಮಗು ತಡವರಿಸಿದರೆ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದು, 'ಇಲ್ಲಿವರೆಗೆ ಹೇಗೆ ಬಂದೆ?' ಎಂದಷ್ಟೇ ಕೇಳಿ.