ಮುಂಬಯಿ ಬಿಟ್ಟು ಪಣಜಿಯಂಥ ಸಣ್ಣ ನಗರದಲ್ಲಿ ನೆಲೆಸಿದರೆ ಬದುಕು ಹೇಗಿರುತ್ತದೆ?

ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿರುವ ನಿಮಗೆ ಪಣಜಿಗೆ ವರ್ಗವಾಗುವ ಅವಕಾಶ ಬಂದಿದೆ, ಪತ್ನಿಯೂ ಉದ್ಯೋಗದಲ್ಲಿದ್ದಾರೆ, ಸಣ್ಣ ಊರಿನ ಬದುಕು ಒಗ್ಗೀತೇ ಎಂದು ಕೇಳಿದ್ದೀರಿ. ನಾನು ಧಾರವಾಡದ ಕಡೆಯವನು. ಕೆಲವು ವರ್ಷ ಮುಂಬಯಿಯಲ್ಲಿ ದುಡಿದು ಈಗ ಪಣಜಿಯ ಮಳಾ ಭಾಗದಲ್ಲಿ ಸಂಸಾರ ಹೂಡಿದ್ದೇನೆ.

ಇಲ್ಲಿ ಮೊದಲು ಅನುಭವಕ್ಕೆ ಬರುವುದು ಸಮಯದ ಉಳಿತಾಯ. ಡೊಂಬಿವಲಿಯಿಂದ ದಕ್ಷಿಣ ಮುಂಬಯಿಯ ಸಿಎಸ್‌ಎಂಟಿ ರೈಲು ನಿಲ್ದಾಣಕ್ಕೆ ಫಾಸ್ಟ್ ಲೋಕಲ್‌ ಹಿಡಿದರೂ ಒಂದು ಗಂಟೆ ಮೀರುತ್ತದೆ. ಇಲ್ಲಿ ನಾನು ಸಣ್ಣ ಹೊಳೆಯೊಂದನ್ನು ದಾಟಿ ಪಾಟ್ಟೊ ಬಡಾವಣೆಯಲ್ಲಿರುವ ಕಚೇರಿಗೆ ನಡೆದೇ ಹೋಗುತ್ತೇನೆ. 2011ರ ಜನಗಣತಿಯ ಪ್ರಕಾರ ಗೋವಾದ ಈ ರಾಜಧಾನಿಯ ಜನಸಂಖ್ಯೆ ಸುಮಾರು 40,000 ಮಾತ್ರ. ಅಂಗಡಿಗಳು ಮಧ್ಯಾಹ್ನ ಒಂದರ ಸುಮಾರಿಗೆ ಬಾಗಿಲು ಹಾಕಿ ಇಳಿಹೊತ್ತಿಗೆ ತೆರೆಯುತ್ತವೆ. ಅದು ಬೇಗನೆ ರೂಢಿಯಾಗುತ್ತದೆ. ಭಾಷೆಯ ತೊಡಕೂ ಇಲ್ಲ. ಕೊಂಕಣಿ ಬಾರದಿದ್ದರೂ ನಿಮ್ಮ ಮರಾಠಿಯಿಂದ ವ್ಯವಹಾರ ಸಾಗುತ್ತದೆ, ಮಾರುಕಟ್ಟೆಯಲ್ಲಿ ಉತ್ತರ ಕರ್ನಾಟಕದ ಕನ್ನಡ ಧಾರಾಳವಾಗಿ ಕಿವಿಗೆ ಬೀಳುತ್ತದೆ.

ಆದರೆ ನಾನು ಒತ್ತಿ ಹೇಳಬೇಕೆಂದಿರುವುದು ಬೇರೆ. ಸಣ್ಣ ನಗರದಲ್ಲಿ ಅನೇಕ ಸೌಕರ್ಯಗಳಿಗೆ ಬದಲಿ ವ್ಯವಸ್ಥೆ ಇರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಓಪಾದ ನೀರು ಶುದ್ಧೀಕರಣ ಘಟಕದಿಂದ ನೀರು ತರುವ ಕೊಳವೆ ಒಡೆದಾಗ ಪಣಜಿಯ ನಲ್ಲಿಗಳು ಹಲವು ದಿನ ಒಣಗಿದ್ದವು. ನಮ್ಮ ಓಣಿಯ ಹಳೆಯ ಮನೆಯೊಂದರ ಯಜಮಾನಿ ತಮ್ಮ ಅಂಗಳದ ಬಾವಿಗೆ ಹೊಸ ಹಗ್ಗ ಕಟ್ಟಿಸಿ, ಬಾಗಿಲು ತೆರೆದಿಟ್ಟು, ಮುದುಕರಿರುವ ಮನೆಗಳಿಗೆ ಮೊದಲು ಕೊಡ ತುಂಬಿಸಿಕೊಡುತ್ತಿದ್ದರು. ಆ ಉಪಕಾರವನ್ನು ನಾನು ಮರೆಯಲಾರೆ. ಆದರೂ ಒಂದು ರಾಜಧಾನಿ ಒಂದೇ ಕೊಳವೆಯನ್ನು ಇಷ್ಟೊಂದು ನೆಚ್ಚಿಕೊಂಡಿರಬಾರದು ಎಂದೇ ನನ್ನ ಅಭಿಪ್ರಾಯ. 1986ರಲ್ಲಿ ಮಾಂಡವಿ ನದಿಯ ಸೇತುವೆ ಕುಸಿದಾಗಲೂ ಆಚೆ ದಡದ ಜನ ದೋಣಿಯನ್ನೇ ನಂಬಬೇಕಾಯಿತೆಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಈಗ ಪಣಜಿಯ ಬಳಿ ಆ ನದಿಗೆ ಮೂರು ಸೇತುವೆಗಳಿವೆ. ತರಕಾರಿ ಮಾತ್ರ ಇಂದಿಗೂ ಬಹುಪಾಲು ಬೆಳಗಾವಿಯಿಂದಲೇ ಬರಬೇಕು. ಮಳೆಗಾಲದಲ್ಲಿ ಬೆಳಗಾವಿ ದಾರಿಯ ಚೋರ್ಲಾ ಘಾಟಿನಲ್ಲಿ ಗುಡ್ಡ ಜರಿದರೆ ಮಾರುಕಟ್ಟೆಗೆ ಅದರ ಬಿಸಿ ತಟ್ಟುತ್ತದೆ.

ಉದ್ಯೋಗಕ್ಕೂ ಇದೇ ಮಾತು ಅನ್ವಯಿಸುತ್ತದೆ, ನಿಮ್ಮ ಮಟ್ಟಿಗೆ ಇದೇ ಮುಖ್ಯ. ಪಣಜಿಯಲ್ಲಿ ಸರ್ಕಾರಿ ಕಚೇರಿಗಳು, ಬ್ಯಾಂಕುಗಳು, ಪ್ರವಾಸೋದ್ಯಮದ ಸಂಸ್ಥೆಗಳು ಹೆಚ್ಚು. ಔಷಧ ಕಾರ್ಖಾನೆಗಳಂಥವು ಬೇಕೆಂದರೆ ವೆರ್ಣಾ ಕೈಗಾರಿಕಾ ಪ್ರದೇಶದ ಕಡೆಗೆ ಹೋಗಬೇಕು. ಮುಂಬಯಿಯಲ್ಲಿ ಒಂದು ಕೆಲಸ ಬಿಟ್ಟವರು ಮನೆ ಬದಲಿಸದೆ ಇನ್ನೊಂದನ್ನು ಹುಡುಕಿಕೊಳ್ಳಬಹುದು, ಇಲ್ಲಿ ಹಾಗಾಗುವುದು ಅಪರೂಪ. ನನ್ನ ಪತ್ನಿ ಲೆಕ್ಕಪತ್ರದ ಕೆಲಸ ಬಲ್ಲವರಾದರೂ ಅವರಿಗೆ ತಕ್ಕ ಹುದ್ದೆ ಸಿಗಲು ಬಹುಕಾಲ ಹಿಡಿಯಿತು, ಆ ಅವಧಿಯಲ್ಲಿ ಅವರು ಪಟ್ಟ ಬೇಸರ ನನಗೆ ಉಳಿತಾಯವಾದ ಸಮಯದಿಂದ ತೀರುವಂಥದ್ದಾಗಿರಲಿಲ್ಲ. ವೈದ್ಯಕೀಯದ ಮಟ್ಟಿಗೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಹತ್ತಿರವಿದೆ. ಕೆಲವು ವಿಶೇಷ ಚಿಕಿತ್ಸೆಗಳಿಗೆ ಜನ ಬೆಳಗಾವಿಗೋ ಮಣಿಪಾಲಕ್ಕೋ ಹೋಗುವುದುಂಟು.

ಆದ್ದರಿಂದ ಬಾಡಿಗೆ, ಶಾಲೆಗಳ ವಿಚಾರಣೆಗಿಂತ ಮೊದಲು ನಿಮ್ಮ ಪತ್ನಿಯವರ ಕೆಲಸವನ್ನು ಖಚಿತಪಡಿಸಿಕೊಳ್ಳಿ. ದೂರದಿಂದಲೇ ಕೆಲಸ ಮಾಡಲು ಅವರ ಸಂಸ್ಥೆ ಒಪ್ಪಿದರೆ ನಿಶ್ಚಿಂತೆಯಿಂದ ಬನ್ನಿ. ಇಲ್ಲವಾದರೆ ಡೊಂಬಿವಲಿಯ ಮನೆಯನ್ನು ಮಾರದೆ, ಇಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗಿದ್ದು, ಒಂದು ಮಳೆಗಾಲ ಕಳೆದ ಮೇಲೆ ಇಬ್ಬರೂ ಕೂತು ತೀರ್ಮಾನಿಸಿ.